ಗೆರೆಯಕ್ಕ ಮಾಡಿದ ಹಳೆಯ ಪೆಟ್ಟಿಗೆ

ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ನಿಂತು ಕೆಲಸ ಮಾಡಿದವರ ಕಣ್ಣಿಗೆ ಜಗತ್ತಿನಲ್ಲಿ ಎರಡೇ ಜಾತಿಯ ವಸ್ತುಗಳು: ಅಂಚು ನೆಟ್ಟಗಿರುವವು, ಅಂಚು ನೆಟ್ಟಗೆ ಮಾಡಬೇಕಾದವು. ಎರಡನೆಯ ಜಾತಿಯದು ಕಣ್ಣಿಗೆ ಬಿದ್ದರೆ ಗೆರೆಯಕ್ಕ ಸುಮ್ಮನೆ ಕೂರುವ ಹೆಂಗಸಲ್ಲ. ಗೆರೆ ಎಳೆಯದೆಯೇ ರಟ್ಟನ್ನು ನೇರವಾಗಿ ಕತ್ತರಿಸುತ್ತಾಳೆಂದು ಜೊತೆಯವರು ಇಟ್ಟ ಹೆಸರು ಅದು. ನಿವೃತ್ತಿಯಾಗಿ ವರ್ಷವಾದರೂ ಬೀದಿಯವರ ಬಾಯಲ್ಲಿ ಆ ಹೆಸರೇ ಉಳಿದಿತ್ತು. ಯಾರ ಮನೆಗೆ ಹೋದರೂ ಗೋಡೆಯ ಮೇಲೆ ವಾರೆಯಾಗಿ ತೂಗುವ ಕ್ಯಾಲೆಂಡರನ್ನು ಸರಿಮಾಡದೆ ಅವಳು ನೀರು ಕುಡಿದದ್ದಿಲ್ಲ. ಮನೆಯವರಿಗೆ ಸಿಟ್ಟು ಬರುತ್ತದೆಯೇ ಎಂಬ ಯೋಚನೆ ಅವಳ ತಲೆಗೆ ಹೊಳೆದದ್ದೂ ಇಲ್ಲ.

ಅತ್ತಿಗೆ ತೀರಿಕೊಂಡ ಮೇಲೆ ಅವಳು ಅಣ್ಣನ ಜೊತೆಗೇ ಇದ್ದಳು. ಅಣ್ಣ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದವನು. ಕಿಂಡಿಯ ಹಿಂದೆ ಕೂತು ಹಗಲೆಲ್ಲ ಜನರ ಬೈಗುಳ ತಿಂದವನು, ಸಂಜೆ ರಂಗದ ಮೇಲೆ ಹತ್ತಿದರೆ ಬೇರೆಯದೇ ಮನುಷ್ಯ. ಊರಿನ ಹವ್ಯಾಸಿ ನಾಟಕ ತಂಡದಲ್ಲಿ ಅವನಿಗೆ ಒಂದು ಪಾತ್ರ ಅಂಟಿಕೊಂಡುಬಿಟ್ಟಿತ್ತು: ವಸತಿಗೃಹದ ಮುದುಕ ಯಜಮಾನ. ಹನ್ನೊಂದು ವರ್ಷಗಳಲ್ಲಿ ನಲವತ್ತೊಂಬತ್ತು ಪ್ರಯೋಗ. ಅವನು ಬೀದಿಯಲ್ಲಿ ಹೋದರೆ ಜನ "ಯಜಮಾನ್ರೇ, ರೂಮ್ ಖಾಲಿ ಇದೆಯಾ" ಎಂದು ಕೇಳುತ್ತಿದ್ದರು. ಹಾಗೆ ಕೇಳಿದ ದಿನ ಅಣ್ಣನಿಗೆ ಹಾಲು ಕುಡಿದಷ್ಟು ಸಂತೋಷ.

ಆ ನಾಟಕದ ಜೀವವೆಲ್ಲ ಒಂದು ಪೆಟ್ಟಿಗೆಯಲ್ಲಿತ್ತು. ಬಟ್ಟೆ ಹೊದಿಸಿದ ರಟ್ಟಿನ ಪೆಟ್ಟಿಗೆ, ಒಳಗೆ ಅಂಗೈಯಗಲದ ಹನ್ನೆರಡು ಕಾರ್ಡು. ಹೇಳದೆ ಕೇಳದೆ ಹೊರಟುಹೋದ ಒಬ್ಬೊಬ್ಬ ಅತಿಥಿಗೆ ಒಂದೊಂದು ಕಾರ್ಡು. ಮೇಲೆ ಅವರು ಬಿಟ್ಟುಹೋದ ವಸ್ತುವಿನ ಚಿತ್ರ, ಕೆಳಗೆ ಒಂದು ಸಾಲು ಬರಹ. ಮೊದಲ ದೃಶ್ಯದಲ್ಲಿ ಮುದುಕನ ಮಗಳು ಸಿಟ್ಟಿಗೆದ್ದು ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಕಾರ್ಡುಗಳನ್ನು ಹೇಗೆಂದರೆ ಹಾಗೆ ತುಂಬಿ ಎದ್ದುಹೋಗುತ್ತಾಳೆ. ಆಮೇಲೆ ನಾಟಕದುದ್ದಕ್ಕೂ ಮುದುಕ ಪ್ರೇಕ್ಷಕರ ಕಡೆಗೇ ಮುಖ ಮಾಡಿಕೊಂಡು, ಪೆಟ್ಟಿಗೆಗೆ ಕೈಹಾಕಿ, ಬೇಕಾದ ಕಾರ್ಡನ್ನೇ ಎತ್ತಿ ಎದುರಿನವರಿಗೆ ಕೊಡುತ್ತಾನೆ. ಅವರು ಓದಿ ಮತ್ತೆ ಪೆಟ್ಟಿಗೆಗೇ ಹಾಕುತ್ತಾರೆ. ಹನ್ನೆರಡನೆಯದು ಖಾಲಿ ಕಾರ್ಡು. ಅದನ್ನು ಕೊನೆಯಲ್ಲಿ ಅವನೊಬ್ಬನೇ ಎತ್ತಿ ಸಭೆಗೆ ತೋರಿಸಿ, "ಇದು ನಿಮ್ದು. ಹೆಸರು ಕೇಳೋದು ಮರೆತೆ" ಎನ್ನುತ್ತಾನೆ. ಪರದೆ ಬೀಳುತ್ತದೆ. ಆ ಮಾತಿಗೆ ಕಣ್ಣೊರೆಸಿಕೊಳ್ಳದೆ ಮನೆಗೆ ಹೋದವರು ಕಡಿಮೆ.

ಐವತ್ತನೆಯ ಪ್ರಯೋಗಕ್ಕೆ ಹದಿನೈದು ದಿನ ಇರುವಾಗ ಪೆಟ್ಟಿಗೆಯ ಮುಚ್ಚಳದ ಮಡಿಕೆ ಹರಿಯಿತು. ತಂಡವನ್ನು ನಡೆಸುವ ಮೇಷ್ಟ್ರು, ಅಂದರೆ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಅದನ್ನು ಅಣ್ಣನ ಕೈಯಲ್ಲೇ ಕಳಿಸಿದರು. "ನಿಮ್ಮ ತಂಗಿ ಇದ್ದಾರಲ್ಲ, ಆ ಮಡಿಕೆ ಒಂದು ಹೊಲಿದುಕೊಟ್ಟರೆ ಸಾಕು" ಎಂದಿದ್ದರು.

ಗೆರೆಯಕ್ಕ ಪೆಟ್ಟಿಗೆ ತೆರೆದು ನೋಡಿ ಹೌಹಾರಿದಳು. ಕಾರ್ಡುಗಳ ಮೂಲೆಗಳು ಮುರಿದಿದ್ದವು, ಅಂಚು ಹಿಂಜಿ ಪದರ ಬಿಟ್ಟಿತ್ತು, ಒಂದರ ಮೇಲೆ ಅಂಟಿನ ಹನಿ ಒಣಗಿ ಗಂಟಾಗಿತ್ತು. ತನ್ನ ಅಣ್ಣ ಇಂಥದ್ದನ್ನು ಹಿಡಿದು ಐವತ್ತನೇ ಸಲ ಜನರೆದುರು ನಿಲ್ಲುವುದೇ? ಅವಳು ಹಿಂದೆಮುಂದೆ ನೋಡಲಿಲ್ಲ. ಪೆಟ್ಟಿಗೆಗೆ ಹೊಸ ಬಟ್ಟೆ ಹೊದಿಸಿದಳು, ಗಂಟನ್ನು ಹೆರೆದಳು. ಕಾರ್ಡುಗಳನ್ನು ಹಳೆಯ ಮುದ್ರಣಾಲಯಕ್ಕೇ ಒಯ್ದು, ಕತ್ತರಿಸುವ ಯಂತ್ರಕ್ಕೆ ಕೊಟ್ಟು, ನಾಲ್ಕೂ ಕಡೆ ಒಂದೊಂದು ಕೂದಲೆಳೆ ಹೆಚ್ಚೇ ತೆಗೆಸಿದಳು. ಹನ್ನೆರಡೂ ಒಂದೇ ಅಳತೆಗೆ ಬಂದವು. ಜೋಡಿಸಿ ಮೇಜಿನ ಮೇಲೆ ಕುಟ್ಟಿದರೆ ಇಟ್ಟಿಗೆಯ ಹಾಗೆ ನಿಂತವು. ಎರಡೇ ದಿನದಲ್ಲಿ ಕೆಲಸ ಮುಗಿಸಿ, ಅಣ್ಣನ ತೊಡೆಯ ಮೇಲೆ ಇಟ್ಟು, ಹೊಗಳಿಕೆಗೆ ಕಾದು ನಿಂತಳು.

ಅಣ್ಣ ಮುಚ್ಚಳ ತೆರೆದು ಕೈ ಇಟ್ಟ. ಒಂದು ಕಾರ್ಡು ಎತ್ತಿದ, ಬಿಟ್ಟ. ಇನ್ನೊಂದು ಎತ್ತಿದ. ಮೂಗಿನ ಹತ್ತಿರ ತಂದು, ತಲೆಯನ್ನು ಪಕ್ಕಕ್ಕೆ ಹೊರಳಿಸಿ ಓರೆಗಣ್ಣಿನಲ್ಲಿ ನೋಡಿದ.

"ಚೆನ್ನಾಗಿದೆ" ಎಂದ.

"ಚೆನ್ನಾಗಿದ್ರೆ ಮುಖ ಯಾಕೆ ಹಾಗೆ ಮಾಡ್ತೀಯ?"

"ಪುಟ್ಟಿ, ನನ್ನ ಕಾರ್ಡೆಲ್ಲಿ ಹೋದವೇ? ಇದರಲ್ಲಿ ಯಾವುದು ಯಾವುದು ಅಂತ ನಂಗೆ ಗೊತ್ತಾಗ್ತಾ ಇಲ್ಲ."

ಆಗ ಹೊರಬಿತ್ತು ನೋಡಿ, ಒಂದೂವರೆ ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸಂಗತಿ. ಅಣ್ಣನಿಗೆ ಕಣ್ಣು ಕಾಣುತ್ತಿರಲಿಲ್ಲ. ನೆಟ್ಟಗೆ ನೋಡಿದರೆ ನಟ್ಟನಡುವೆ ಮಬ್ಬು. ಸುತ್ತ ಮಾತ್ರ ಒಂದಿಷ್ಟು ಬೆಳಕು, ನೆರಳು. ಇದು ಸರಿಹೋಗುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಅವನು ತಂಗಿಗೂ ಹೇಳಿರಲಿಲ್ಲ. ಬೆಳಿಗ್ಗೆ ಪತ್ರಿಕೆ ಬಂದರೆ "ಅದರಲ್ಲಿ ಓದೋಕೆ ಏನಿರುತ್ತೆ, ನೀನೇ ಓದಿ ಹೇಳು" ಎನ್ನುತ್ತಿದ್ದ. ಸೋಮಾರಿತನ ಹೆಚ್ಚಾಯಿತು ಎಂದು ಅವಳು ದಿನಾ ಗೊಣಗುತ್ತಲೇ ಓದುತ್ತಿದ್ದಳು. ರಂಗದ ಮೇಲೆ ಅವನು ಕಾರ್ಡುಗಳನ್ನು ನೋಡಿ ಎತ್ತುತ್ತಲೇ ಇರಲಿಲ್ಲ. ಮುರಿದ ಮೂಲೆ, ಹಿಂಜಿದ ಅಂಚು, ಅಂಟಿನ ಗಂಟು, ಇವುಗಳನ್ನು ಬೆರಳೇ ಗುರುತು ಹಿಡಿಯುತ್ತಿತ್ತು. ಆ ಗುರುತುಗಳನ್ನೆಲ್ಲ ತಂಗಿ ಒಂದೇ ಮಧ್ಯಾಹ್ನದಲ್ಲಿ ಕತ್ತರಿಸಿ ಯಂತ್ರದ ಕೆಳಗಿನ ಕಸದ ಚೀಲಕ್ಕೆ ಉದುರಿಸಿದ್ದಳು.

"ಮೇಷ್ಟ್ರಿಗೆ ಹೇಳಿಬಿಡೋಣ ಅಣ್ಣ."

"ಹೇಳಿದ್ರೆ ಆ ಕ್ಷಣಕ್ಕೆ ಪಾತ್ರ ಹೋಯ್ತು. ಹೋದ ಸಲ ಕುರ್ಚಿಗೆ ಎಡವಿದ್ದೆ, ನೋಡಿದ್ದಾರೆ. ತಂಡದಲ್ಲಿರೋ ಔಷಧಿ ಅಂಗಡಿಯವರು ನನ್ನ ಮಾತೆಲ್ಲ ಬಾಯಿಪಾಠ ಮಾಡ್ಕೊಂಡು ರೆಡಿ ಇದ್ದಾರೆ. ಐವತ್ತನೇದರಲ್ಲಿ ಒಂದು ಕಾರ್ಡು ತಪ್ಪಿದ್ರೂ ಮುಂದಿನದು ಅವರಿಗೇ ಅಂತ ಮೇಷ್ಟ್ರು ಮುಖದ ಮೇಲೇ ಹೇಳಿದ್ದಾರೆ." ಅಣ್ಣ ಪೆಟ್ಟಿಗೆಯ ಮುಚ್ಚಳ ಮುಚ್ಚಿ ಹೇಳಿದ: "ಅದೊಂದು ಹೋದ್ರೆ ನಂಗೆ ಇನ್ನೇನು ಉಳಿಯುತ್ತೆ, ಹೇಳು."

ಗೆರೆಯಕ್ಕ ಒಳಗೆ ಹೋಗಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ಕಿಟಕಿಯ ಪಕ್ಕದ ಮೇಜನ್ನು ಖಾಲಿ ಮಾಡಿದಳು. ತಾನು ಕೆಡಿಸಿದ್ದನ್ನು ತಾನೇ ಮಾಡಿಕೊಡುತ್ತೇನೆ, ಹದಿಮೂರು ದಿನ ಇದೆ ಎಂದು ಹಠಕ್ಕೆ ಬಿದ್ದಳು.

ಹೊಸ ಕಾರ್ಡಿನ ಮೈ ಕಟ್ಟುವುದು ಅವಳಿಗೆ ಕಷ್ಟವಾಗಲಿಲ್ಲ. ಮೂರು ಪದರ ಕಾಗದವನ್ನು ಮೈದಾ ಅಂಟಿನಲ್ಲಿ ಜೋಡಿಸಿ, ಮೇಲೆ ಎರಡು ದಪ್ಪ ನಿಘಂಟು, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ ಒಣಗಿಸಿದಳು. ಹಳೆಯ ಕಾರ್ಡುಗಳನ್ನು ಕಿಟಕಿಯ ಗಾಜಿಗೆ ಒತ್ತಿ, ಹಗಲಿನ ಬೆಳಕಿನಲ್ಲಿ ಚಿತ್ರಗಳನ್ನು ಒಂದೊಂದೇ ಗೆರೆ ತೆಗೆದುಕೊಂಡಳು: ಕೊಡೆ, ಸೈಕಲ್ಲು, ಹಕ್ಕಿಯಿಲ್ಲದ ಪಂಜರ, ಒಂಟಿ ಬೂಟು, ತುತ್ತೂರಿ. ಬಣ್ಣ ತುಂಬಿ, ಕಂದು ಶಾಯಿಯಲ್ಲಿ ಬರಹ ಬರೆದು, ಚಹಾದ ಡಿಕಾಕ್ಷನ್ನಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ನೋಡಲು ಥೇಟ್ ಹಳೆಯವೇ.

ಗುರುತಿನ ವಿಷಯದಲ್ಲಿ ಮಾತ್ರ ಅವಳ ಬುದ್ಧಿ ಮತ್ತೆ ತನ್ನ ದಾರಿಗೇ ಹೋಯಿತು. ಹಾಳುಮೂಳು ಗುರುತುಗಳೇಕೆ, ಶಿಸ್ತಾಗಿ ಮಾಡಿದರಾಯಿತು ಎಂದುಕೊಂಡು ಮೊದಲ ಕಾರ್ಡಿಗೆ ಒಂದು ಕಚ್ಚು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಎಂದು ಸಮಸಮ ಅಂತರದಲ್ಲಿ ಕಚ್ಚು ಹಾಕಿದಳು. ಅಣ್ಣನ ಕೈಗಿಟ್ಟು ನಾಟಕದ ಮಾತು ಹೇಳಿಸಿದಳು. ಅಣ್ಣ "ಅಮ್ಮಾ, ಆವತ್ತು ಬಾಗಿಲ ಹತ್ರ..." ಎಂದು ಶುರುಮಾಡಿ ನಿಂತುಬಿಟ್ಟ.

"ಯಾಕೆ ನಿಲ್ಲಿಸಿದೆ?"

"ಎಣಿಸ್ತಾ ಇದ್ದೆ. ಎಣಿಸೋಕೆ ಹೋದ್ರೆ ಮಾತು ಮರೆಯುತ್ತೆ ಕಣೇ. ಮುದುಕ ಕಾರ್ಡು ಹುಡುಕ್ತಾ ಇದ್ದಾನೆ ಅಂತ ಜನಕ್ಕೆ ಅನ್ನಿಸಬಾರದು. ಅವನಿಗೆ ಆ ಅತಿಥಿಗಳೆಲ್ಲ ಗೊತ್ತು."

ಅಷ್ಟೂ ಕಾರ್ಡು ವ್ಯರ್ಥ. ನಾಲ್ಕು ದಿನ ನೀರುಪಾಲು. ಅವಳು ಎರಡನೇ ಸಲ ಹನ್ನೆರಡು ಕಾರ್ಡು ಮಾಡಿದಳು. ಈ ಸಲ ಹಳೆಯ ಗುರುತುಗಳೇ ಬೇಕು ಎಂದು ಕಾಗದ ಪೆನ್ಸಿಲು ಹಿಡಿದು ಕೂತಳು. "ಕೊಡೆಯಮ್ಮನ ಕಾರ್ಡಿಗೆ ಏನಿತ್ತು?" ಎಂದರೆ "ಬಲಗಡೆ ಕೆಳಗಿನ ಮೂಲೆ ಮುರಿದಿತ್ತು" ಎಂದ ಅಣ್ಣ. ಆದರೆ ಹಾಗೆ ಹೇಳುವಾಗಲೇ ಅವನ ಹೆಬ್ಬೆರಳು ಗಾಳಿಯಲ್ಲಿ ಎಡಗಡೆ ಕೆಳಕ್ಕೆ ಹೋಗಿತ್ತು. ಅವಳು ಅದನ್ನು ನೋಡಿದಳು. ಮತ್ತೆ ಕೇಳಿದಳು. ಬಾಯಿ ಬಲ ಅಂದಿತು, ಬೆರಳು ಎಡಕ್ಕೆ ಹೋಯಿತು. ಕಾರ್ಡನ್ನು ಎದುರಿನವರಿಗೆ ತಿರುಗಿಸಿ ಕೊಡುವಾಗ ಅವನ ಕಡೆಗಿರುವುದು ಬೆನ್ನು. ಬಾಯಿಗೆ ನೆನಪಿದ್ದದ್ದು ಚಿತ್ರದ ಕಡೆ, ಬೆರಳಿಗೆ ನೆನಪಿದ್ದದ್ದು ಬೆನ್ನಿನ ಕಡೆ.

ಅವಳು ಎದ್ದುಹೋಗಿ ಮೊಹರು ಹಾಕುವ ಶಾಯಿಯ ಪ್ಯಾಡು ತಂದು ಅಣ್ಣನ ಹೆಬ್ಬೆರಳನ್ನು ಹಿಡಿದು ಅದಕ್ಕೆ ಒತ್ತಿದಳು. ಕೈಗೆ ಬಿಳಿಯ ರಟ್ಟಿನ ತುಂಡು ಕೊಟ್ಟು, "ಈಗ ಕೊಡೆಯಮ್ಮನ ಮಾತು ಹೇಳು. ಕಾರ್ಡಿನ ಯೋಚನೆ ಬಿಡು" ಎಂದಳು.

"ಎಸ್ಸೆಸ್ಸೆಲ್ಸಿ ಪಾಸಾದವನ ಕೈಲಿ ಹೆಬ್ಬೆಟ್ಟು ಒತ್ತಿಸ್ತಾ ಇದ್ದೀಯಲ್ಲೇ."

"ಪಾಸಾಗಿದ್ದು ಎರಡನೇ ಸಲಕ್ಕೆ. ಮಾತು ಹೇಳು."

ಅಣ್ಣ ಹೇಳಿದ. ಕಾರ್ಡು ಚಾಚಿದ. ರಟ್ಟಿನ ಮೇಲೆ ನೀಲಿ ಹೆಬ್ಬೆಟ್ಟು ಮೂಡಿತ್ತು. ಗುರುತು ಇರಬೇಕಾದದ್ದು ಅಲ್ಲೇ. ಹೀಗೆ ಹನ್ನೊಂದು ಮಾತು, ಹನ್ನೊಂದು ರಟ್ಟು, ಹನ್ನೊಂದು ಕಡೆ ನೀಲಿ. ಎಲ್ಲಿ ಎಂಬುದನ್ನು ಬೆರಳು ಹೇಳಿತು. ಮುರಿದಿತ್ತೋ, ಹಿಂಜಿತ್ತೋ, ಗಂಟೋ ಎಂಬುದನ್ನು ಬಾಯಿ ಹೇಳಿತು. ಗೆರೆಯಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ಮಾಡಿದ ಹೊಸ ಕಾರ್ಡನ್ನು ಕೆಡಿಸಬೇಕಲ್ಲ, ಅಲ್ಲಿ ಅವಳ ಕೈ ಬರಲಿಲ್ಲ. ಮೂವತ್ತೊಂದು ವರ್ಷ ಒಂದು ಮೂಲೆ ಮುಕ್ಕಾಗಲು ಬಿಡದ ಕೈ ಅದು. ಮೊದಲ ಮೂಲೆಯನ್ನು ಕಣ್ಣು ಮುಚ್ಚಿಕೊಂಡು ಮುರಿದಳು. ಎರಡನೆಯದಕ್ಕೆ ಒಂದು ಕಣ್ಣು ತೆರೆದಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಕೈಗೆ ರುಚಿ ಹತ್ತಿತು. ಮರಳು ಕಾಗದದಲ್ಲಿ ಉಜ್ಜಿದಳು, ಒದ್ದೆ ಬಟ್ಟೆಯಲ್ಲಿ ಪದರ ಬಿಡಿಸಿದಳು, ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಅದುಮಿದಳು, ತುತ್ತೂರಿಯವನ ಕಾರ್ಡನ್ನು ಹಲ್ಲಿನಿಂದಲೇ ಕಚ್ಚಿದಳು. ಹಗಲೆಲ್ಲ ಕಾರ್ಡುಗಳನ್ನು ಅಣ್ಣನ ಅಂಗಿಯ ಜೇಬಿಗೆ ತುಂಬಿ, ಮೈ ಬೆವರು ಹತ್ತಲಿ ಎಂದು ಬಿಸಿಲಿನಲ್ಲಿ ನಡೆಯಲು ಅಟ್ಟಿದಳು. ಪೆಟ್ಟಿಗೆಯನ್ನೂ ಹೊಸದಾಗಿ ಕಟ್ಟಿ, ಮಾಸಲು ಬಟ್ಟೆ ಹೊದಿಸಿ, ಬೂಟ್ ಪಾಲಿಷ್ ತಿಕ್ಕಿ, ರೇಡಿಯೋ ಕೇಳುತ್ತಾ ಕೂತು ಮುಚ್ಚಳವನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಸಡಿಲ ಮಾಡಿದಳು. ಪಕ್ಕದ ಮನೆಯಾಕೆ ಇಣುಕಿ ನೋಡಿ, "ಏನಕ್ಕಾ, ಮುಚ್ಚಳ ಸರಿಯಾಗಿ ಕೂರ್ತಾ ಇಲ್ವಾ?" ಎಂದು ಕೇಳಿದಳು.

ಹನ್ನೊಂದು ಕಾರ್ಡು ಅಣ್ಣನ ಕೈಗೆ ಸಲೀಸಾಗಿ ಬಂದವು. ಹನ್ನೆರಡನೆಯದು, ಆ ಖಾಲಿ ಕಾರ್ಡು, ಬರಲಿಲ್ಲ.

"ಅದಕ್ಕೆ ಏನು ಗುರುತಿತ್ತು?"

"ಗೊತ್ತಿಲ್ಲ. ಏನೂ ಇದ್ದ ಹಾಗಿರಲಿಲ್ಲ. ಅದು ತಾನಾಗಿ ಕೈಗೆ ಬರ್ತಿತ್ತು."

ಹೆಬ್ಬೆಟ್ಟಿನ ಉಪಾಯವೂ ಇಲ್ಲಿ ಕೈಕೊಟ್ಟಿತು. ಅಣ್ಣ ಆ ಕಾರ್ಡನ್ನು ಒಂದೊಂದು ಸಲ ಒಂದೊಂದು ಕಡೆ ಹಿಡಿದ. ಪ್ರಯೋಗಕ್ಕೆ ಎರಡೇ ದಿನ ಉಳಿದಿತ್ತು. ನಾಟಕ ಇಡೀ ಚೆನ್ನಾಗಿ ನಡೆದು ಕೊನೆಯಲ್ಲಿ ಖಾಲಿ ಕಾರ್ಡಿನ ಬದಲು ಒಂಟಿ ಬೂಟು ಎತ್ತಿ "ಇದು ನಿಮ್ದು" ಎಂದರೆ ಜನ ಬಿದ್ದು ಬಿದ್ದು ನಗುತ್ತಾರೆ. ಗೆರೆಯಕ್ಕನಿಗೆ ಊಟ ಸೇರಲಿಲ್ಲ. ಕಾಲು ಚಾಚಿ ಕೂತು ಆ ಕಾರ್ಡಿನ ಬದುಕನ್ನು ಯೋಚಿಸಿದಳು. ಉಳಿದವನ್ನು ಅಣ್ಣ ಎತ್ತಿ ಕೊಡುತ್ತಾನೆ, ಮಗಳು ಕಸಿದುಕೊಳ್ಳುತ್ತಾಳೆ, ಓದುವವರು ಬೆರಳಲ್ಲಿ ಮುರಿಯುತ್ತಾರೆ, ಪೆಟ್ಟಿಗೆಗೆ ಎಸೆಯುತ್ತಾರೆ. ಇದನ್ನು? ಯಾರೂ ಕೇಳುವುದಿಲ್ಲ, ಯಾರೂ ಓದುವುದಿಲ್ಲ. ಎತ್ತಿ ತೋರಿಸಿದ ಕೂಡಲೇ ಪರದೆ. ಹನ್ನೊಂದು ವರ್ಷವಾದರೂ ಇದು ಹೊಸದಾಗಿಯೇ ಉಳಿದಿರಬೇಕು. ಅಣ್ಣನ ಬೆರಳು ಇದನ್ನು ಗುರುತು ಹಿಡಿದದ್ದು ಗುರುತಿಲ್ಲದ್ದಕ್ಕೇ.

ಅವಳು ಮಾಸಿದ ಕಾರ್ಡನ್ನು ಪಕ್ಕಕ್ಕೆ ಬಿಸಾಕಿ, ಹೊಸ ರಟ್ಟು ತೆಗೆದು, ಚಾಕು ಮಸೆದು, ಗೆರೆ ಎಳೆಯದೆ ನಾಲ್ಕೇ ಎಳೆತಕ್ಕೆ ಕತ್ತರಿಸಿದಳು. ಬಣ್ಣಕ್ಕೆ ಮಾತ್ರ ಚಹಾ ಒರೆಸಿದಳು, ಅಂಚು ಮುಟ್ಟಲಿಲ್ಲ. ತನ್ನ ಜೀವಮಾನದ ಅತ್ಯಂತ ನೇರವಾದ ಅಂಚು ಅದು ಎಂದು ಅವಳಿಗೆ ಕೈಯಲ್ಲೇ ಗೊತ್ತಾಯಿತು. ಹನ್ನೆರಡನ್ನೂ ಕಲಸಿ ಪೆಟ್ಟಿಗೆಗೆ ಹಾಕಿಕೊಟ್ಟಳು. ಅಣ್ಣ ಕೈಹಾಕಿದ. ಕೈ ಹೊರಗೆ ಬಂದಾಗ ಅದರಲ್ಲಿ ಖಾಲಿ ಕಾರ್ಡಿತ್ತು. ಮತ್ತೆ ಕಲಸಿದಳು, ಮತ್ತೆ ಅದೇ ಬಂತು. ಏಳು ಸಲ ಕಲಸಿದಳು, ಏಳು ಸಲವೂ ಬಂತು. ಅಣ್ಣತಂಗಿ ಇಬ್ಬರೂ ಕೂತು ನಕ್ಕರು.

ಐವತ್ತನೆಯ ಪ್ರಯೋಗದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಗೆರೆಯಕ್ಕ ರಂಗದ ಪಕ್ಕದಲ್ಲಿ ಮೇಷ್ಟ್ರ ಹಿಂದೆ ನಿಂತಿದ್ದಳು. ಔಷಧಿ ಅಂಗಡಿಯವರೂ ಅಲ್ಲೇ ಇದ್ದರು, ತುಟಿ ಅಲ್ಲಾಡಿಸುತ್ತಾ. ಮೊದಲ ದೃಶ್ಯದಲ್ಲಿ ಮಗಳ ಪಾತ್ರದವಳಿಗೆ ಐವತ್ತನೆಯದೆಂಬ ಹುಮ್ಮಸ್ಸು ಸ್ವಲ್ಪ ಹೆಚ್ಚೇ ಆಯಿತು. ಪೆಟ್ಟಿಗೆಯನ್ನು ಎಷ್ಟು ಜೋರಾಗಿ ಬೋರಲು ಹಾಕಿದಳೆಂದರೆ ಕಾರ್ಡುಗಳು ಮೇಜಿನ ಮೇಲೆ ನಿಲ್ಲದೆ ರಂಗದ ತುಂಬ ಚೆಲ್ಲಾಪಿಲ್ಲಿಯಾದವು. ಅವಳು ಬೆಚ್ಚಿ, ಮಾತು ಮರೆತು ನಿಂತುಬಿಟ್ಟಳು.

ಮೇಷ್ಟ್ರು ಪರದೆಯ ಹಗ್ಗದ ಕಡೆ ತಿರುಗಿದರು.

ಅಣ್ಣ ಕುರ್ಚಿಯಿಂದ ಎದ್ದ. ಆತುರವಿಲ್ಲದೆ ಮೊಣಕಾಲೂರಿ ಕೂತ. "ಎಲ್ಲರನ್ನೂ ನೆಲದ ಮೇಲೆ ಮಲಗಿಸಿಬಿಟ್ಯಾ ಮಗಳೇ" ಎಂದ. ನಾಟಕದಲ್ಲಿ ಆ ಮಾತೇ ಇರಲಿಲ್ಲ. ಎರಡೂ ಕೈಯಲ್ಲಿ ನೆಲ ಸವರಿ ಒಂದೊಂದೇ ಕಾರ್ಡು ಎತ್ತಿಕೊಂಡ. ಎತ್ತಿದ ಕೂಡಲೇ, ಮುಖವನ್ನು ಸಭೆಯ ಕಡೆಗೇ ಇಟ್ಟುಕೊಂಡು, "ಬನ್ನಿ ಸೈಕಲ್ಲಪ್ಪ. ಏಳಪ್ಪಾ ತುತ್ತೂರಿ. ನಿನ್ನ ಇನ್ನೊಂದು ಬೂಟು ಇನ್ನೂ ಸಿಕ್ಕಿಲ್ಲ ಕಣಯ್ಯ" ಎಂದು ಒಬ್ಬೊಬ್ಬರನ್ನೂ ಮಾತಾಡಿಸುತ್ತಾ ಪೆಟ್ಟಿಗೆಯೊಳಗೆ ಮಲಗಿಸಿದ. ನೆಲ ಬರಿದಾದ ಮೇಲೆ ಅವನು ಪೆಟ್ಟಿಗೆಯೊಳಗೆ ಬೆರಳಾಡಿಸಿ ನಿಂತ.

"ಕೊಡೆಯಮ್ಮ ಬಂದಿಲ್ಲ" ಎಂದ. "ಹೋದವಳು ಎಲ್ಲಿ ನಿಂತಿದ್ದಾಳೋ ನೋಡಮ್ಮ."

ಮಗಳ ಪಾತ್ರದವಳು ಸುತ್ತ ನೋಡಿದಳು. ಪರದೆಯ ಬುಡದಲ್ಲಿ, ಬಟ್ಟೆಯ ನೆರಿಗೆಯಲ್ಲಿ ಅರ್ಧ ಮುಚ್ಚಿಕೊಂಡು ಒಂದು ಕಾರ್ಡು ಬೋರಲಾಗಿ ಬಿದ್ದಿತ್ತು. ಅವಳು ಅದನ್ನು ಎತ್ತಿ ತಿರುಗಿಸಿದಳು. ಕೊಡೆ. ಮುಂದಿನ ಸಾಲಿನವರು ಅದನ್ನು ಕಂಡು ಹೋ ಎಂದು ಚಪ್ಪಾಳೆ ತಟ್ಟಿದರು, ಹಿಂದಿನವರು ಏನೆಂದು ತಿಳಿಯದೆಯೂ ತಟ್ಟಿದರು. ಅಲ್ಲಿಂದ ಮುಂದೆ ಅಣ್ಣನನ್ನು ಹಿಡಿಯುವವರಿರಲಿಲ್ಲ. ಹನ್ನೊಂದು ಕಾರ್ಡು, ಹನ್ನೊಂದೂ ಸರಿ. ಕೊನೆಗೆ ಖಾಲಿ ಕಾರ್ಡನ್ನು ಬೆಳಕಿಗೆ ಎತ್ತಿ ಹಿಡಿದು ಅವನು ಆ ಮಾತು ಹೇಳಿದಾಗ ಔಷಧಿ ಅಂಗಡಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಪರದೆ ಬಿತ್ತು. ಮೇಷ್ಟ್ರು ಓಡಿಹೋಗಿ ಅಣ್ಣನ ಭುಜ ಹಿಡಿದರು. "ನೋಡದೇನೇ ಅದು ಕೊಡೆ ಅಂತ ಹೇಗೆ ಗೊತ್ತಾಯ್ತ್ರೀ ನಿಮಗೆ?"

"ಮೇಷ್ಟ್ರೇ, ಒಂದೂವರೆ ವರ್ಷ ಆಯ್ತು ನಿಮ್ಮ ಮುಖ ನೋಡಿ. ನಂಗೆ ಕಣ್ಣು ಕಾಣಲ್ಲ."

ಮೇಷ್ಟ್ರು ಅಣ್ಣನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಮುಚ್ಚಳ ತೆರೆದು ಕಾರ್ಡಿನ ಅಂಚಿನ ಮೇಲೆ ತಮ್ಮ ಬೆರಳನ್ನೇ ಎಳೆದರು. ಗೆರೆಯಕ್ಕ ಮುಂದೆ ಬಂದಳು. ಹದಿಮೂರು ದಿನ ಹೆದರಿದ್ದು ಸಾಕಾಗಿತ್ತು ಅವಳಿಗೆ.

"ನೀವು ಕೊಟ್ಟ ಪೆಟ್ಟಿಗೆ ನಾನು ಹಾಳು ಮಾಡಿದೆ ಮೇಷ್ಟ್ರೇ. ಇದು ನಾನು ಮನೇಲಿ ಮಾಡಿದ್ದು. ಹನ್ನೆರಡು ಕಾರ್ಡೂ ಸೇರಿ."

"ಇದು ನಮ್ಮ ಪೆಟ್ಟಿಗೆ ಅಲ್ವಾ?" ಎಂದರು ಮೇಷ್ಟ್ರು. ಇನ್ನೊಮ್ಮೆ ತಿರುಗಿಸಿ ನೋಡಿದರು. ಹನ್ನೊಂದು ವರ್ಷ ಅದನ್ನು ಬೀಗ ಹಾಕಿ ಇಟ್ಟವರು ಅವರೇ. ಆಮೇಲೆ ಔಷಧಿ ಅಂಗಡಿಯವರ ಕಡೆ ತಿರುಗಿ, "ನಿಮಗೆ ಬೇರೆ ಪಾತ್ರ ಹುಡುಕೋಣ ಸ್ವಾಮಿ" ಎಂದರು. ಅವರು "ನಾನೇ ಹೇಳೋಣ ಅಂತಿದ್ದೆ" ಎಂದರು.

ಹೊರಗೆ ಚಪ್ಪಾಳೆ ನಿಂತಿರಲಿಲ್ಲ. ಪರದೆ ಮತ್ತೆ ಮೇಲೇರಿತು. ಅಣ್ಣ ತಂಗಿಯ ಕೈ ಹಿಡಿದು, "ಮುಂದಕ್ಕೆ ಕರ್ಕೊಂಡು ಹೋಗೇ, ಅಂಚು ಎಲ್ಲಿದೆ ಅಂತ ನಂಗೆ ಕಾಣಲ್ಲ" ಎಂದ. ಅವಳು ಕರೆದುಕೊಂಡು ಹೋದಳು. ರಂಗದ ತುದಿಯಲ್ಲಿ ನಿಂತು ಅಣ್ಣ ಪೆಟ್ಟಿಗೆಯನ್ನು ಅವಳ ಎರಡೂ ಕೈಗೆ ಇಟ್ಟು, ಅವಳ ಕೈಗಳನ್ನು ಮೇಲಕ್ಕೆ ಎತ್ತಿಸಿ, "ನನ್ನ ತಂಗಿ. ಇದನ್ನ ಮಾಡಿದವಳು ಇವಳು" ಎಂದು ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿದ. ಜನ ಎದ್ದು ನಿಂತರು. ಇಂಥ ಹೊತ್ತಿನಲ್ಲಿ ತಲೆ ಬಾಗಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ತಲೆ ಎತ್ತಿಕೊಂಡೇ ನಿಂತು, ಅಷ್ಟೂ ಚಪ್ಪಾಳೆಯನ್ನು ಒಂದನ್ನೂ ಬಿಡದೆ ತೆಗೆದುಕೊಂಡಳು.